ಹಾಲೆ ಮರದ ಜೊತೆ ಮಾತಾಡಿದೆ. ನಿಮಗೂ ಹೀಗೆ ಆಗಿದೆಯಾ?

ಬದಿಯಡ್ಕದ ಮಗಳು:
ನಮ್ಮ ತೋಟದ ಮೂಲೆಯಲ್ಲಿ ಒಂದು ಹಾಲೆ ಮರ ಇದೆ. ತುಳುವಿನಲ್ಲಿ ಪಾಲೆ. ಪ್ರತಿ ವರ್ಷ ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಗೆ ಅಪ್ಪ ಬೆಳಕು ಹರಿಯುವ ಮೊದಲೇ ಹೋಗಿ, ಆ ದಿನ ಕುಡಿಯುವ ಕಷಾಯಕ್ಕೆ ಅದರ ಕೆತ್ತೆ, ಅಂದರೆ ತೊಗಟೆ, ತರುತ್ತಿದ್ದರು. ಕತ್ತಿ ತಾಗಿಸುವ ಹಾಗಿಲ್ಲ, ಕಲ್ಲಿನಲ್ಲೇ ಜಜ್ಜಿ ತೆಗೆಯಬೇಕು. ಅಪ್ಪ ಕಳೆದ ವರ್ಷ ತೀರಿಕೊಂಡರು. ಈ ಸಲ ನಾನೇ ಹೋದೆ.

ಜಿರಿಜಿರಿ ಮಳೆ. ಕಲ್ಲು ಎತ್ತಿದೆ, ಹೊಡೆಯಲು ಕೈ ಬರಲೇ ಇಲ್ಲ. ಟಾರ್ಚ್ ಬೆಳಕಿನಲ್ಲಿ ಅಪ್ಪ ಕೆತ್ತಿದ ಹಳೆಯ ಗಾಯಗಳು ಕಂಡವು. ಗಂಟು ಗಂಟಾಗಿ ಮಾಗಿದ್ದವು. ಅದರ ಮೇಲೆ ಕೈ ಇಟ್ಟು, "ಅಪ್ಪ ಇಲ್ಲ, ನಾನು ಬಂದಿದ್ದೇನೆ, ಸ್ವಲ್ಪ ಕೊಡು" ಎಂದು ಬಾಯಿಬಿಟ್ಟು ಕೇಳಿದೆ. ಆಮೇಲೆ ಕೈ ಓಡಿತು. ಹಾಲು ಒಸರಿ ಬೆರಳಿಗೆ ಅಂಟಿತು. ಅಲ್ಲೇ ನಿಂತು ಅತ್ತೆ.

ಪಕ್ಕದ ಮನೆಯ ಮಲಯಾಳದ ಅಮ್ಮ ಪಾಲೆಯಲ್ಲಿ ಯಕ್ಷಿ ಇರುತ್ತಾಳೆ ಅನ್ನುತ್ತಾರೆ. ನನಗೆ ಹೆದರಿಕೆ ಆಗಲಿಲ್ಲ. ಯಾರೋ ಕೇಳಿಸಿಕೊಂಡರು ಅನ್ನಿಸಿತು. ನನ್ನ ಗಂಡ "ಅದು ಅಪ್ಪನ ನೆನಪು, ಅಷ್ಟೇ" ಅನ್ನುತ್ತಾರೆ. ಅಷ್ಟೇನಾ?

ಮುಳ್ಳೇರಿಯ ಅಜ್ಜ:
ಮಗಳೇ, ಕೇಳಿದ್ದು ಒಳ್ಳೆಯದಾಯಿತು. ಕೇಳದೆ ತೆಗೆಯುವ ಕ್ರಮ ನಮ್ಮಲ್ಲಿಯೂ ಇಲ್ಲ. ನಾನು ಹಿಂದಿನ ಸಂಜೆಯೇ ಹೋಗಿ ಮರಕ್ಕೆ ನೂಲು ಕಟ್ಟಿ, "ನಾಳೆ ಬರುತ್ತೇನೆ" ಎಂದು ಹೇಳಿ ಬರುತ್ತೇನೆ. ಕತ್ತಲಲ್ಲಿ ಮರ ತಪ್ಪುವುದೂ ಇಲ್ಲ. ಕಾಸರಕ ವಿಷದ ಮರ, ತಪ್ಪಿ ಅದರ ಕೆತ್ತೆ ಬಂದರೆ ಜೀವಕ್ಕೇ ಅಪಾಯ. ಹಾಲೆಗೆ ಒಂದೇ ಗಂಟಿನಲ್ಲಿ ಸುತ್ತ ಹೆಚ್ಚಾಗಿ ಏಳು ಎಲೆ, ಕೆತ್ತಿದರೆ ಬಿಳಿ ಹಾಲು. ಕಾಸರಕಕ್ಕೆ ಎಲೆ ಜೋಡಿ ಜೋಡಿ, ಹಾಲಿಲ್ಲ. ಮೊದಲ ಸಲ ಹೋಗುವವರು ಗೊತ್ತಿದ್ದವರನ್ನು ಕರೆದುಕೊಂಡೇ ಹೋಗಿ.

ಹಾಗಂತ ಕಾಸರಕ ಕೆಟ್ಟದ್ದಲ್ಲ. ನಮ್ಮ ದೈವ ಗುಳಿಗನ ಕಲ್ಲು ಇರುವುದು ಅದರ ಬುಡದಲ್ಲೇ. ಅಲ್ಲಿಗೂ ದೀಪ ಇಡುತ್ತೇವೆ.

ಕುಂಬಳೆ ಟೀಚರ್:
ನಾನು ವಿಜ್ಞಾನ ಕಲಿಸುವವಳು. ಪೆಟ್ಟಾದರೆ ಗಿಡದೊಳಗೆ ವಿದ್ಯುತ್ ಸ್ಪಂದನ ಏಳುತ್ತದೆ ಎಂದು ಜಗದೀಶಚಂದ್ರ ಬೋಸ್ 1901ರಲ್ಲೇ ಲಂಡನ್ನಿನಲ್ಲಿ ತೋರಿಸಿದ್ದರು. ನಿಮ್ಮ ಬೆರಳಿಗೆ ಅಂಟಿದ ಹಾಲು ಗಾಯ ಮುಚ್ಚಲು ಮರ ಕಳಿಸಿದ್ದು. ಮಾತು ಅದಕ್ಕೆ ಅರ್ಥವಾಯಿತು ಎಂದು ನಾನು ಹೇಳಲಾರೆ. ಗಾಯ ಅದಕ್ಕೆ ತಿಳಿಯುತ್ತದೆ, ಅದು ಖಂಡಿತ. ಒಂದು ಮಾತು ಅಕ್ಕ, ಕೆತ್ತೆಯನ್ನು ಕಾಂಡದ ಸುತ್ತ ಬಳೆಯ ಹಾಗೆ ತೆಗೆಯಬೇಡಿ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಆ ಕೆತ್ತೆಯ ಒಳಪದರದಲ್ಲೇ. ಅದು ಪೂರ್ತಿ ಕಡಿದರೆ ಮರ ಸಾಯುತ್ತದೆ.

ಮಂಜೇಶ್ವರದವಳು:
ತುಳುನಾಡಿನ ಭೂಮಿ ಹಬ್ಬ ಕೆಡ್ಡಸದ ಮೂರು ದಿನ ಭೂಮಿ ಮುಟ್ಟಾಗಿದ್ದಾಳೆ ಅಂತ ನಮ್ಮಮ್ಮ ಬೇವಿನ ಸೊಪ್ಪನ್ನೂ ಚಿವುಟಲು ಬಿಡುತ್ತಿರಲಿಲ್ಲ. ಫೆಬ್ರವರಿ ಬಂದರೆ ಈಗಲೂ ನನ್ನ ಕೈ ತಾನಾಗಿ ಹಿಂದೆ ಹೋಗುತ್ತದೆ. ನಿಮಗೆ ಆದದ್ದು ನನಗೆ ಗೊತ್ತು.

ಬದಿಯಡ್ಕದ ಮಗಳು:
ಟೀಚರ್, ನೀವು ಹೇಳಿದ ಮೇಲೆ ಇವತ್ತು ಹಗಲಲ್ಲಿ ಹೋಗಿ ನೋಡಿದೆ. ಅಪ್ಪನ ಗಾಯಗಳು ಒಂದಕ್ಕೊಂದು ಎಲ್ಲೂ ತಾಗಿಲ್ಲ. ನಡುವೆ ಅಂಗೈಯಷ್ಟು ಜಾಗ ಬಿಟ್ಟು ಬಿಟ್ಟು ಕೆತ್ತಿದ್ದಾರೆ. ನಾನು ಕೆತ್ತಿದ್ದು ಮಾತ್ರ ಒಂದು ಹಳೆಯ ಗಾಯಕ್ಕೆ ತೀರಾ ಹತ್ತಿರ ಆಗಿದೆ. ಅದಕ್ಕೂ ಹೇಳಿ ಬಂದೆ. ಅಜ್ಜ, ಮುಂದಿನ ಆಟಿಗೆ ಹಿಂದಿನ ಸಂಜೆಯೇ ಮಗನ ಕೈಯಲ್ಲಿ ನೂಲು ಕೊಟ್ಟು ಕರೆದುಕೊಂಡು ಹೋಗುತ್ತೇನೆ.