ದಪ್ಪ ಸೆರಿಫ್ ಅಕ್ಷರದಲ್ಲಿ 'ಧಾರವಾಡ'ದ ಧ ಮುಚ್ಚಿಹೋಗುತ್ತಿದೆ

ಸಾಧನಕೇರಿ ವಿನ್ಯಾಸಗಾರ್ತಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಧಾರವಾಡದ ಒಂದು ಸಣ್ಣ ಮಿಠಾಯಿ ಅಂಗಡಿಯ ಪೇಢೆ ಡಬ್ಬಿಗೆ ಹೆಸರಿನ ವಿನ್ಯಾಸ ಮಾಡಿಕೊಡಲು ಒಪ್ಪಿಕೊಂಡಿದ್ದೇನೆ. ಇಂಗ್ಲಿಷ್ ಹೆಸರಿಗೆ ಕೂಪರ್ ಬ್ಲ್ಯಾಕ್ ಎಂಬ ದಪ್ಪ ಫಾಂಟ್ (ಅಕ್ಷರಶೈಲಿ) ಆರಿಸಿದೆ. 1922ರಲ್ಲಿ ಬಂದ ಈ ಅಕ್ಷರದ ಸೆರಿಫ್‌ಗಳು, ಅಂದರೆ ಗೆರೆಗಳ ತುದಿಯಲ್ಲಿರುವ ಪುಟ್ಟ ಪಾದಗಳು, ಚೂಪಾಗಿರದೆ ದುಂಡಗಿರುವುದರಿಂದ ಸಿಹಿತಿನಿಸಿಗೆ ಒಪ್ಪುತ್ತವೆ ಎಂದು ನನಗೆ ಅನ್ನಿಸಿತು. ಕನ್ನಡಕ್ಕೆ ಅಷ್ಟೇ ತೂಕದ, ಅಂದರೆ ಗೆರೆ ಅಷ್ಟೇ ದಪ್ಪವಿರುವ, ಅಕ್ಷರ ನನಗೆ ಸಿಗದ ಕಾರಣ 'ನುಡಿ' ತಂತ್ರಾಂಶದ ಒಂದು ಸಾಮಾನ್ಯ ಅಕ್ಷರಕ್ಕೆ ಕೋರಲ್‌ಡ್ರಾ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಸುತ್ತಲೂ ಔಟ್‌ಲೈನ್ ಕೊಟ್ಟು ದಪ್ಪ ಮಾಡಿದೆ. ಪರದೆಯ ಮೇಲೆ ಚೆನ್ನಾಗಿಯೇ ಕಂಡಿತ್ತು. ಮಾದರಿ ಡಬ್ಬಿ ಅಚ್ಚಾಗಿ ಬಂದಾಗ ಮಾತ್ರ, ಕೆನೆಬಣ್ಣದ ಮೇಲಿನ ಮರೂನ್ ಬರಹದಲ್ಲಿ 'ಧಾರವಾಡ ಪೇಢೆ' ಎಂಬುದು 'ದಾರವಾಡ ಪೇಡೆ' ಎಂದು ಓದಿಸಿಕೊಳ್ಳುತ್ತಿತ್ತು. ಅಂಗಡಿಯ ಹಿರಿಯರು ಊರಿನ ಹೆಸರೇ ತಪ್ಪಾಗಿದೆ ಎಂದು ನೊಂದುಕೊಂಡರು. ತಪ್ಪು ಎಲ್ಲಿ ಆಗಿದೆ ಎಂದು ತಿಳಿದವರು ಹೇಳಬೇಕಾಗಿ ವಿನಂತಿ.

ಬೆಟಗೇರಿ ಮುದ್ರಕ:

ಅಕ್ಕನವರೇ, ತಪ್ಪು ಆ ಔಟ್‌ಲೈನಿನಲ್ಲಿದೆ. ಔಟ್‌ಲೈನ್ ಗೆರೆಯ ಹೊರಗೆ ಬೆಳೆದಷ್ಟೇ ಒಳಗೂ ಬೆಳೆಯುತ್ತದೆ. ಕನ್ನಡದಲ್ಲಿ ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ, ಪ ಮತ್ತು ಫ, ಇವುಗಳನ್ನು ಬೇರ್ಪಡಿಸುವುದು ಕೆಳಗಿನ ಹೊಟ್ಟೆಸೀಳು ಒಂದೇ; ರ ಮತ್ತು ಠ ನಡುವೆ ಇರುವುದು ಒಂದು ಚುಕ್ಕೆ. ನಿಮ್ಮ ಎರಡು ಪದಗಳಲ್ಲಿ ಇಂಥ ಅಕ್ಷರ ಎರಡು ಬಂದಿವೆ. ಅದರ ಮೇಲೆ, ಅಚ್ಚಿನಲ್ಲಿ ಶಾಯಿ ಕಾಗದಕ್ಕೆ ಒತ್ತಿದಾಗ ಅಂಚು ಮೀರಿ ಸ್ವಲ್ಪ ಹರಡಿಯೇ ಹರಡುತ್ತದೆ. ಹೀಗೆ ಔಟ್‌ಲೈನಿನಿಂದ ಅರ್ಧ ಮುಚ್ಚಿದ್ದ ಸೀಳನ್ನು ಶಾಯಿ ಪೂರ್ತಿ ಮುಚ್ಚಿದೆ.

ನಮ್ಮ ಗದಗನ್ನು ಮುದ್ರಣ ಕಾಶಿ ಎಂದು ಕರೆಯುತ್ತಾರೆ. ಅಚ್ಚುಮೊಳೆ ಜೋಡಿಸಿದ ಹಿರಿಯರ ಕೈಕೆಳಗೆ ನಾನು ಕೆಲಸ ಕಲಿತವನು. ಸೀಸದ ಮೊಳೆಯ ಕಾಲದಲ್ಲಿ ಪ್ರತಿಯೊಂದು ಅಳತೆಯ ಅಕ್ಷರವನ್ನೂ ಬೇರೆಯಾಗಿಯೇ ಕೆತ್ತುತ್ತಿದ್ದರು, ದಪ್ಪ ಅಕ್ಷರವನ್ನಂತೂ ಕಪ್ಪಿಗಿಂತ ಮೊದಲು ಒಳಗಿನ ಬಿಳಿಯನ್ನು ಲೆಕ್ಕ ಹಾಕಿ ರೂಪಿಸುತ್ತಿದ್ದರು. ಗೆರೆ ದಪ್ಪವಾದಂತೆ ಅಕ್ಷರ ಅಗಲವಾಗಬೇಕು, ಸೀಳು ಇನ್ನೂ ತೆರೆದುಕೊಳ್ಳಬೇಕು. ಆದ್ದರಿಂದ ಔಟ್‌ಲೈನ್ ತೆಗೆದು, ದಪ್ಪವಾಗಿಯೇ ವಿನ್ಯಾಸಗೊಂಡ ಅಕ್ಷರವನ್ನು ಬಳಸಿರಿ. 'ನೋಟೋ ಸೆರಿಫ್ ಕನ್ನಡ' ಎಂಬ ಫಾಂಟಿನಲ್ಲಿ ಬ್ಲ್ಯಾಕ್ ಎಂಬ ಅತಿ ದಪ್ಪದವರೆಗೂ ತೂಕಗಳಿವೆ; ಮುಕ್ತ ಪರವಾನಗಿ ಇರುವುದರಿಂದ ವ್ಯಾಪಾರದ ಡಬ್ಬಿಗೂ ಬಳಸಬಹುದು.

ಇನ್ನೊಂದು ಮಾತು. ಡಬ್ಬಿಯ ಪಕ್ಕಗಳಲ್ಲಿ ಮರೂನ್ ನೆಲದ ಮೇಲೆ ಬಿಳಿ ಬರಹ ಇಡುವುದಾದರೆ ತೊಂದರೆ ತಿರುಗುಮುರುಗಾಗುತ್ತದೆ. ಅಲ್ಲಿ ಶಾಯಿ ಬಿಳಿಯೊಳಗೆ ಹರಡುವುದರಿಂದ ಸೀಳು ಉಳಿಯುತ್ತದೆ, ತೆಳುಗೆರೆಗಳು ಮಾತ್ರ ನುಂಗಿಹೋಗುತ್ತವೆ. ಒಂದೇ ಫೈಲನ್ನು ಎರಡೂ ಕಡೆ ಹಾಕಬೇಡಿರಿ.

ದುರ್ಗದಬೈಲ ಬೋರ್ಡು:

ಮುದ್ರಕರ ಮಾತನ್ನು ಒಪ್ಪುತ್ತೇನೆ. ಇದೇ ಹೆಸರು ನಾಳೆ ಅಂಗಡಿಯ ಬೋರ್ಡಿಗೂ ಏರುವುದು ಖಂಡಿತ. ಆದ್ದರಿಂದ ಅದನ್ನೂ ಈಗಲೇ ಯೋಚಿಸಿರಿ. ಅಕ್ರಿಲಿಕ್ ಅಕ್ಷರ ಕತ್ತರಿಸಿ ಹಿಂದೆ ದೀಪ ಇಟ್ಟಾಗ ರಾತ್ರಿ ಬೆಳಕು ಅಂಚಿನಾಚೆ ಚೆಲ್ಲಿ ಸಣ್ಣ ಸೀಳುಗಳನ್ನು ಮುಚ್ಚಿಬಿಡುತ್ತದೆ. ಕುಂಚದಿಂದ ಬರೆಯುವಾಗ ನಾವು ಸೀಳನ್ನು ಕೊನೆಗೆ ಬೇಕಾದಷ್ಟು ಅಗಲವಾಗಿ ಬಿಡಿಸುತ್ತಿದ್ದೆವು, ರಸ್ತೆಯ ಆಚೆ ಬದಿಗೆ ನಿಂತು ನೋಡಿ ತಿದ್ದುತ್ತಿದ್ದೆವು. ಒತ್ತಕ್ಷರವನ್ನೂ ಮರೆಯಬೇಡಿರಿ. 'ಹುಬ್ಬಳ್ಳಿ' ಎಂದು ಬರೆದರೆ ಕೆಳಗೆ ಎರಡು ಒತ್ತು ಇಳಿಯುತ್ತವೆ, ಇಂಗ್ಲಿಷಿನ ದೊಡ್ಡಕ್ಷರಗಳ ಸಾಲಾದರೋ ನೆಲಕ್ಕೆ ಸಮನಾಗಿ ನಿಲ್ಲುತ್ತದೆ. ದಪ್ಪ ಅಕ್ಷರದಲ್ಲಿ ಆ ಒತ್ತುಗಳು ಕೆಳಗಿನ ಸಾಲಿಗೆ ತಾಗದಂತೆ ಜಾಗ ಬಿಡಬೇಕು.

ವಿದ್ಯಾಗಿರಿ ಓದುಗ:

ಆಯ್ಕೆಯ ಬಗ್ಗೆ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ದಪ್ಪ ಸೆರಿಫ್ ಎಂದರೆ ಒಂದೇ ಜಾತಿಯಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಭಿತ್ತಿಪತ್ರಗಳಿಗಾಗಿ ಹುಟ್ಟಿದ ಫ್ಯಾಟ್‌ಫೇಸ್ ಎಂಬ ಅತಿ ದಪ್ಪ ಅಕ್ಷರಗಳಲ್ಲಿ ಕಂಬದಂಥ ಗೆರೆಯ ಪಕ್ಕದಲ್ಲೇ ಕೂದಲೆಳೆಯಂಥ ಗೆರೆ ಇರುತ್ತದೆ. ಇಂದಿನ ಏಬ್ರಿಲ್ ಫ್ಯಾಟ್‌ಫೇಸ್ ಆ ಕುಲದ್ದು. 1845ರ ಕ್ಲಾರೆಂಡನ್ ಅಕ್ಷರದಲ್ಲಿ ಆ ಅಂತರ ಬಹಳ ಕಡಿಮೆ, ಕೂಪರ್ ಬ್ಲ್ಯಾಕಿನಲ್ಲೂ ಅಷ್ಟೇ. ನೋಟೋ ಸೆರಿಫ್ ಕನ್ನಡದ ಗೆರೆಗಳಲ್ಲಿ ದಪ್ಪ ಮತ್ತು ತೆಳುವಿನ ಏರಿಳಿತ ಎದ್ದು ಕಾಣುವುದರಿಂದ ಅದು ಮೊದಲ ಕುಲದ ಜೊತೆ ಚೆನ್ನಾಗಿ ಹೊಂದೀತು. ಮೃದುವಾದ ಕೂಪರ್ ಬ್ಲ್ಯಾಕಿನ ಪಕ್ಕಕ್ಕೆ 'ಬಾಲೂ ತಮ್ಮ 2' ಎಂಬ ಕನ್ನಡ ಫಾಂಟಿನ ಎಕ್ಸ್‌ಟ್ರಾಬೋಲ್ಡ್ (ಅತಿ ದಪ್ಪ) ತೂಕ ಇಟ್ಟು ನೋಡಿರಿ. ಅದರಲ್ಲಿ ಸೆರಿಫ್ ಇಲ್ಲ ಎಂಬುದು ನಿಜ. ಆದರೆ ಸೆರಿಫ್ ಎಂಬುದೇ ಲ್ಯಾಟಿನ್ ಲಿಪಿಯ ಗುಣ. ಎರಡು ಲಿಪಿಗಳನ್ನು ಜೊತೆಗೂಡಿಸುವಾಗ ಕಣ್ಣಿಗೆ ಹೋಲಿಕೆ ಕಾಣುವುದು ಗೆರೆಯ ತೂಕದಲ್ಲಿ, ತಿರುವಿನ ದುಂಡಿನಲ್ಲಿ. ಯಾವುದನ್ನು ಆರಿಸಿದರೂ ದಯವಿಟ್ಟು ಹೆಸರಿಗೆ ಮಾತ್ರ ಬಳಸಿರಿ. ತೂಕ, ಬೆಲೆ, ಪದಾರ್ಥಗಳ ವಿವರವನ್ನು ಇಂಥ ಅಕ್ಷರದಲ್ಲಿ ಚಿಕ್ಕದಾಗಿ ಕೂರಿಸಿದರೆ ಓದಲಾಗುವುದಿಲ್ಲ.

ಸಾಧನಕೇರಿ ವಿನ್ಯಾಸಗಾರ್ತಿ:

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಔಟ್‌ಲೈನ್ ತೆಗೆದು, ನೀವು ಹೇಳಿದ ಎರಡೂ ಫಾಂಟುಗಳಲ್ಲಿ ಹೆಸರನ್ನು ಡಬ್ಬಿಯ ನಿಜ ಅಳತೆಗೇ ಅಚ್ಚು ತೆಗೆದು ನೋಡಿದೆ. ಕೂಪರ್ ಬ್ಲ್ಯಾಕಿನ ಪಕ್ಕದಲ್ಲಿ 'ಬಾಲೂ ತಮ್ಮ 2' ಫಾಂಟೇ ಹೊಂದುತ್ತಿದೆ. ಧ ಮತ್ತು ಢ ಎರಡರ ಸೀಳನ್ನೂ ಕೈಯಿಂದ ಇನ್ನಷ್ಟು ಅಗಲ ಮಾಡಿದ್ದೇನೆ, ಪಕ್ಕದ ಬಿಳಿ ಬರಹಕ್ಕೆ ಪ್ರತ್ಯೇಕ ಫೈಲ್ ಮಾಡುತ್ತಿದ್ದೇನೆ. ಹಿರಿಯರು ಕನ್ನಡಕ ಹಾಕಿಕೊಳ್ಳದೆಯೇ 'ಧಾರವಾಡ ಪೇಢೆ' ಎಂದು ಸರಿಯಾಗಿ ಓದಿದರು.