ಮುಂಗಾಲಿನ ಮೇಲುಗುರು ಕಿತ್ತುಬಂದಿದೆ, ತೆಗೆಸಿಬಿಡಲಾ ಮೇಡಂ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ):
ನಮಸ್ಕಾರ ಮೇಡಂ. ನಮ್ಮನೆ ನಾಯಿ ಕರಿಯನಿಗೆ ಎರಡೂವರೆ ವರ್ಷ. ತಾಯಿ ಮುಧೋಳ, ಅಪ್ಪ ಯಾರೋ ಗೊತ್ತಿಲ್ಲ. ನಿನ್ನೆ ಸಂಜೆ ತೋಟದಲ್ಲಿ ಮಂಗ ಓಡಿಸಲು ಹೋಗಿ ಬೇಲಿ ತಂತಿಗೆ ಮುಂಗಾಲು ಸಿಕ್ಕಿಸಿಕೊಂಡ. ಒಳಬದಿಯಲ್ಲಿ ಸ್ವಲ್ಪ ಮೇಲೆ ಒಂಟಿಯಾಗಿ ಇರುತ್ತಲ್ಲ, ನೆಲಕ್ಕೆ ತಾಗದ ಉಗುರು, ಅದು ಬುಡದಲ್ಲಿ ಸೀಳಿ ಪಕ್ಕಕ್ಕೆ ವಾಲಿ ನೇತಾಡುತ್ತಿದೆ. ಜಗಲಿ ತುಂಬ ರಕ್ತ. ಅತ್ತೆ ಮೊದಲು ಕಾಫಿಪುಡಿ ಒತ್ತಿದರು, ಆಮೇಲೆ ಅರಿಶಿನ. ರಕ್ತ ನಿಂತಿತು, ಆದರೆ ಮುಟ್ಟಲು ಬಿಡುತ್ತಿಲ್ಲ. ನೋಡಲು ಹೋದಾಗ ನನ್ನ ಬೆರಳಿಗೆ ಹಲ್ಲು ತಾಗಿ ಚರ್ಮ ಸುಲಿಯಿತು. ರಾತ್ರಿಯಿಡೀ ನೆಕ್ಕುತ್ತಿದ್ದ. ಪಕ್ಕದ ತೋಟದವರು "ಅದು ಕೆಲಸಕ್ಕೆ ಬಾರದ ಬೆರಳು, ಎರಡೂ ಕಾಲಿಂದು ತೆಗೆಸಿಬಿಡಿ" ಅಂತಾರೆ. ತೆಗೆಸಬೇಕಾ? ಮತ್ತೆ ನೋವಿಗೆ ನಾವು ನುಂಗುವ ಮಾತ್ರೆನೇ ಅರ್ಧ ಕೊಡಬಹುದಾ?

ಉತ್ತರ:
ಕರಿಯನ ಉಗುರಿಗಿಂತ ಮೊದಲು ನಿಮ್ಮ ಬೆರಳು. ಚರ್ಮ ಸುಲಿದಿದೆ ಅಂದರೆ ಅದು ನಾಯಿ ಕಡಿತವೇ, ನಮ್ಮನೆ ನಾಯಿ ಅಂತ ರಿಯಾಯಿತಿ ಇಲ್ಲ. ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ, ಇವತ್ತೇ ಆಸ್ಪತ್ರೆಗೆ ಹೋಗಿ ತೋರಿಸಿ. ಕರಿಯನಿಗೆ ರೇಬಿಸ್ ಲಸಿಕೆ ಯಾವಾಗ ಹಾಕಿಸಿದ್ದು ಅಂತ ಅಲ್ಲಿ ಹೇಳಿ. ನೋವಲ್ಲಿರುವ ನಾಯಿ ಎಷ್ಟೇ ಪಾಪದ್ದಾದರೂ ಕಚ್ಚುತ್ತದೆ. ಇನ್ನೊಮ್ಮೆ ಮುಟ್ಟುವ ಮುಂಚೆ ಹಳೆ ಪಂಚೆ ಹರಿದು ಮೂತಿಗೆ ಎರಡು ಸುತ್ತು ಸುತ್ತಿ ಕಿವಿ ಹಿಂದೆ ಕಟ್ಟಿ. ಏದುಸಿರು ಬಿಡುತ್ತಿದ್ದರೆ, ವಾಂತಿ ಮಾಡುತ್ತಿದ್ದರೆ ಕಟ್ಟಬೇಡಿ. ಎರಡು ನಿಮಿಷಕ್ಕಿಂತ ಜಾಸ್ತಿ ಕಟ್ಟಿಡಲೂಬೇಡಿ.

ಮಾತ್ರೆ ಬೇಡವೇ ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಎಲ್ಲಾ ನಾಯಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿಗೆ ಹೊಡೆತ ಕೊಡುತ್ತವೆ. ಪ್ಯಾರಾಸಿಟಮಾಲ್ ಕೂಡ ನೀವೇ ಅಂದಾಜಲ್ಲಿ ಕೊಡುವಂಥದ್ದಲ್ಲ. ನಾಯಿಗೆ ಅಂತಲೇ ನೋವಿನ ಔಷಧ ಇದೆ, ತೂಕ ನೋಡಿ ಕೊಡುತ್ತೇವೆ.

ಇನ್ನು ಉಗುರು. ಉಗುರಿನೊಳಗೆ ಗುಲಾಬಿ ಬಣ್ಣದ ಜೀವ ಇರುವ ಭಾಗ ಇದೆ, ರಕ್ತನಾಳ ನರ ಎರಡೂ ಅಲ್ಲೇ. ಈಗ ಅದು ಬೆತ್ತಲಾಗಿದೆ, ಮೇಲೆ ನೇತಾಡುವ ಚಿಪ್ಪು ಹೆಜ್ಜೆಹೆಜ್ಜೆಗೂ ಅದನ್ನೇ ಎಳೆಯುತ್ತಿದೆ. ಅದಕ್ಕೇ ಅಷ್ಟು ನೋವು. ಚಿಪ್ಪು ತಾನಾಗಿ ಬೀಳಲಿ ಅಂತ ಕಾಯಬೇಡಿ, ನೀವೇ ಎಳೆಯಲೂಬೇಡಿ. ಪಶು ಆಸ್ಪತ್ರೆಯಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ತೆಗೆಯುತ್ತಾರೆ. ಬೆರಳು ಊದಿದ್ದರೆ ಎಕ್ಸ್‌ರೇ ಮಾಡಿಸಿ, ಕೆಲವು ಸಲ ಒಳಗಿನ ಪುಟ್ಟ ಮೂಳೆ ಮುರಿದಿರುತ್ತದೆ. ಬುಡ ಚೆನ್ನಾಗಿದ್ದರೆ ಉಗುರು ಮತ್ತೆ ಬರುತ್ತದೆ, ಪೂರ್ತಿ ಬೆಳೆಯಲು ಕೆಲವು ತಿಂಗಳು ಬೇಕು. ಸ್ವಲ್ಪ ಸೊಟ್ಟಗೆ ಬರಬಹುದು, ಬರಲಿ.

ಅಲ್ಲಿವರೆಗೆ ಬೆಟಾಡಿನ್‌ಗೆ ನೀರು ಬೆರೆಸಿ, ತೆಳು ಟೀ ಬಣ್ಣ ಬರಬೇಕು, ಅದರಲ್ಲಿ ಕಾಫಿಪುಡಿ ಅರಿಶಿನ ಎಲ್ಲಾ ತೊಳೆದುಬಿಡಿ. ಪುಡಿ ಕಟ್ಟಿಕೊಂಡರೆ ಕೆಳಗೆ ಕೀವಾದದ್ದು ಕಾಣುವುದಿಲ್ಲ. ಮುಂದೆ ಎಂದಾದರೂ ರಕ್ತ ಬಂದರೆ ಒಗೆದ ಬಟ್ಟೆ ಇಟ್ಟು ಬಿಡದೆ ಹತ್ತು ನಿಮಿಷ ಒತ್ತಿ ಹಿಡಿಯಿರಿ, ನಿಂತಿತಾ ಅಂತ ಮಧ್ಯೆ ಎತ್ತಿ ಎತ್ತಿ ನೋಡಬೇಡಿ. ನಿಮ್ಮ ಕಡೆ ಈಗ ಮಳೆ ಬೇರೆ. ಒದ್ದೆ ಗಾಯದ ಮೇಲೆ ನೊಣ ಕೂತರೆ ಒಂದೇ ದಿನದಲ್ಲಿ ಹುಳ ಆಗುತ್ತದೆ. ಹುಳ ಕಂಡರೆ ಸೀಮೆಎಣ್ಣೆ, ಫಿನಾಯಿಲ್, ಟರ್ಪೆಂಟೈನ್ ಯಾವುದನ್ನೂ ಸುರಿಯಬೇಡಿ, ಸೀದಾ ಕರೆತನ್ನಿ.

ಕೊನೆಗೆ ನಿಮ್ಮ ಪಕ್ಕದವರ ಮಾತು. ಕೆಲಸಕ್ಕೆ ಬಾರದ ಬೆರಳು ಅಂತ ಎಲ್ಲರೂ ಹೇಳುತ್ತಾರೆ, ನಾನೂ ಓದುವಾಗ ಹಾಗೇ ಅಂದುಕೊಂಡಿದ್ದೆ. ಈ ಮೇಲುಗುರಿಗೆ ಇಂಗ್ಲಿಷಲ್ಲಿ ಡ್ಯೂ ಕ್ಲಾ ಅಂತಾರೆ, ಅಂದರೆ ನಾಯಿಯ ಹೆಬ್ಬೆರಳು. ಮುಂಗಾಲಿನದ್ದಕ್ಕೆ ಮೂಳೆ ಇದೆ, ಕೀಲು ಇದೆ, ಸ್ನಾಯುವಿನಿಂದ ಬರುವ ಎಳೆಗಳೂ ಇವೆ. ನಿಂತಾಗ ನೆಲಕ್ಕೆ ತಾಗುವುದಿಲ್ಲ, ನಿಜ. ಆದರೆ ಜೋರಾಗಿ ಓಡುವಾಗ ಮಣಿಕಟ್ಟು ಕೆಳಗೆ ಬಾಗುತ್ತದೆ, ಆಗ ತಾಗುತ್ತದೆ. ಕರಿಯ ಮಂಗನ ಹಿಂದೆ ಓಡಿ ಸರಕ್ಕಂತ ತಿರುಗುತ್ತಾನಲ್ಲ, ಆಗ ನೆಲ ಕಚ್ಚಿ ಕಾಲು ತಿರುಚಿಕೊಳ್ಳದ ಹಾಗೆ ಹಿಡಿಯುವುದು ಇದೇ. ಮೂಳೆ ಕಡಿಯುವಾಗ ಗಮನಿಸಿ, ಇದರಲ್ಲೇ ಒತ್ತಿ ಹಿಡಿದಿರುತ್ತಾನೆ. ಮುಧೋಳ ರಕ್ತದ, ಓಡುವುದೇ ಕೆಲಸವಾದ ನಾಯಿಯ ಚೆನ್ನಾಗಿರುವ ಹೆಬ್ಬೆರಳನ್ನು "ಮುಂದೆ ಏಟಾದರೆ" ಅನ್ನೋ ಭಯಕ್ಕೆ ನಾನಂತೂ ತೆಗೆಯುವುದಿಲ್ಲ.

ಮರುಪ್ರಶ್ನೆ (ಅವರೇ):
ತುಂಬಾ ಥ್ಯಾಂಕ್ಸ್ ಮೇಡಂ, ಹೊರಟಿದ್ದೇವೆ. ಹಾಗಾದರೆ ತೆಗೆಯುವುದು ಯಾವಾಗ? ಯಾರಿಗೂ ಬೇಡವಾ?

ಉತ್ತರ:
ಬೇಕಾಗುತ್ತದೆ. ಅದೇ ಉಗುರು ಪದೇ ಪದೇ ಕೀಳುತ್ತಿದ್ದರೆ, ಮೂಳೆಯವರೆಗೆ ಸೋಂಕು ಇಳಿದಿದ್ದರೆ, ಬೆರಳು ಪುಡಿಯಾಗಿದ್ದರೆ ತೆಗೆಯಲೇಬೇಕು. ಆದರೆ ಅದು ಉಗುರು ಕತ್ತರಿಸಿದ ಹಾಗಲ್ಲ, ಬೆರಳನ್ನೇ ಕೀಲಿನಿಂದ ಬಿಡಿಸುವ ಆಪರೇಷನ್. ಪೂರ್ತಿ ಅರಿವಳಿಕೆ, ಹೊಲಿಗೆ, ಹತ್ತು ಹದಿನಾಲ್ಕು ದಿನ ಕಟ್ಟಿಹಾಕಿ ನೋಡಿಕೊಳ್ಳಬೇಕು. ಮೈಮೇಲೆ ಕೊಬ್ಬೇ ಇಲ್ಲದ ಓಟದ ತಳಿಗಳಿಗೆ ಕೆಲವು ಅರಿವಳಿಕೆ ಔಷಧ ಇಳಿಯಲು ಜಾಸ್ತಿ ಹೊತ್ತು ಹಿಡಿಯುತ್ತದೆ. ಮುಧೋಳದ ಮಿಶ್ರತಳಿ ಅಂತ ಡಾಕ್ಟರಿಗೆ ಮೊದಲೇ ಹೇಳಿಬಿಡಿ.

ಪ್ರಶ್ನೆ (ಮೈಸೂರಿನಿಂದ ಇನ್ನೊಬ್ಬರು):
ನಮ್ಮ ಮರಿಗೆ ಹಿಂಗಾಲಲ್ಲೂ ಇದೆ ಮೇಡಂ, ಲೊಡಲೊಡ ಅಲ್ಲಾಡುತ್ತದೆ. ನಾಲ್ಕು ತಿಂಗಳು. ಅಜ್ಜಿ ಎಣಿಸಿ "ಇಪ್ಪತ್ತು ಉಗುರಿನ ನಾಯಿ, ಮನೆಗೆ ಅದೃಷ್ಟ, ಮುಟ್ಟಬೇಡಿ" ಅಂದರು. ಬ್ರೀಡರ್ ಮಾತ್ರ, ನಾಲ್ಕನೇ ದಿನಕ್ಕೇ ಕತ್ತರಿಯಲ್ಲಿ ಕಚಕ್ ಅನಿಸಬೇಕಿತ್ತು, ಮರಿಗೆ ನೋವೇ ಆಗಲ್ಲ ಅಂತಾರೆ.

ಉತ್ತರ:
ಅಜ್ಜಿ ಲೆಕ್ಕ ಸರಿ, ಮುಂದೆ ಐದೈದು, ಹಿಂದೆ ನಾಲ್ಕು ನಾಲ್ಕು, ಸಾಮಾನ್ಯವಾಗಿ 18. ಹಿಂದೆಯೂ ಡ್ಯೂ ಕ್ಲಾ ಇದ್ದರೆ 20. ಅದೃಷ್ಟದ ಬಗ್ಗೆ ಅಜ್ಜಿ ಜೊತೆ ನಾನು ವಾದಕ್ಕೆ ಬರಲ್ಲ.

ಹಿಂಗಾಲಿನ ಕಥೆ ಬೇರೆ. ಅಲ್ಲಿ ಹೆಚ್ಚಿನ ನಾಯಿಗಳಿಗೆ ಮೂಳೆಯ ಜೋಡಣೆ ಇರುವುದಿಲ್ಲ, ಬರೀ ಚರ್ಮದಲ್ಲಿ ನೇತಾಡುತ್ತದೆ. ಕಂಬಳಿ, ಮುಳ್ಳು, ಗೇಟಿನ ಸರಳು, ಎಲ್ಲದಕ್ಕೂ ಸಿಕ್ಕಿಕೊಳ್ಳುತ್ತದೆ. ಹಾಗಿದ್ದರೆ ತೆಗೆಸುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅದಕ್ಕೇ ಅಂತ ಬೇರೆ ಅರಿವಳಿಕೆ ಬೇಡ, ಸಂತಾನಹರಣ ಆಪರೇಷನ್ ಮಾಡಿಸುವ ದಿನವೇ ಮಾಡಿಸಿ. ಹಿಂಗಾಲಿನಲ್ಲಿ ಎರಡೆರಡು ಡ್ಯೂ ಕ್ಲಾ ಇರಲೇಬೇಕು ಅನ್ನುವ ತಳಿಗಳೂ ಇವೆ, ಫ್ರಾನ್ಸಿನ ಬೋಸರಾನ್, ಬ್ರಿಯಾರ್ ಥರ. ನಿಮ್ಮದು ಅದಲ್ಲ ಅಲ್ವಾ.

ಬ್ರೀಡರ್ ಹೇಳಿದ್ದಕ್ಕೆ ಬಂದರೆ, ಹುಟ್ಟಿದ ಮೂರರಿಂದ ಐದು ದಿನದೊಳಗೆ ಡಾಕ್ಟರ ಹತ್ತಿರ ತೆಗೆಸುವ ಪದ್ಧತಿ ಇದೆ. ನೋವೇ ಆಗಲ್ಲ ಅನ್ನೋದು ಸುಳ್ಳು, ಮರಿ ಕಿರುಚುವುದನ್ನು ಕೇಳಿದವರಿಗೆ ಗೊತ್ತು. ಮನೆಯಲ್ಲಿ ಕತ್ತರಿ ಹಿಡಿದು ಮಾಡಿದ ಮರಿಗಳನ್ನು ಕೀವು ತುಂಬಿದ ಮೇಲೆ ನನ್ನ ಟೇಬಲ್ ಮೇಲೆ ತಂದಿಟ್ಟಿದ್ದಾರೆ. ಅರ್ಧ ಉಳಿದ ಬುಡದಿಂದ ಉಗುರು ಅಡ್ಡಾದಿಡ್ಡಿ ಬೆಳೆದು ಬಂದದ್ದನ್ನೂ ನೋಡಿದ್ದೇನೆ.

ಪ್ರಶ್ನೆ (ಹುಬ್ಬಳ್ಳಿಯಿಂದ):
ನಮ್ಮ ಲ್ಯಾಬ್ರಡಾರ್‌ಗೆ ಹನ್ನೊಂದು ವರ್ಷರೀ. ಏಟೇನೂ ಆಗಿಲ್ಲ, ಆದರೂ ಆ ಬೆರಳು ಎರಡು ತಿಂಗಳಿಂದ ಊದಿದೆ. ಎರಡು ಸಲ ಆಂಟಿಬಯೋಟಿಕ್ ಆಯ್ತು, ಕಡಿಮೆ ಆಗವಲ್ದು.

ಉತ್ತರ:
ಇದನ್ನು ಮುಂದೂಡಬೇಡಿ. ವಯಸ್ಸಾದ ನಾಯಿಯಲ್ಲಿ ಒಂದೇ ಬೆರಳು ಊದಿ ಔಷಧಕ್ಕೆ ಬಗ್ಗದಿದ್ದರೆ ಉಗುರಿನ ಬುಡದಲ್ಲಿ ಗಡ್ಡೆ ಇರಬಹುದು. ದೊಡ್ಡ ಮೈಯ ಕಪ್ಪು ಕೂದಲಿನ ನಾಯಿಗಳಲ್ಲಿ ಇದು ಜಾಸ್ತಿ. ಮೂರನೇ ಆಂಟಿಬಯೋಟಿಕ್ ಕೇಳಬೇಡಿ, ಎಕ್ಸ್‌ರೇ ಮತ್ತು ಬಯಾಪ್ಸಿ (ಚೂರು ತೆಗೆದು ಮಾಡುವ ಪರೀಕ್ಷೆ) ಕೇಳಿ. ಇಲ್ಲಿ ಬೆರಳು ತೆಗೆಯಬೇಕಾಗಿ ಬಂದರೆ ಹಿಂಜರಿಯುವುದು ಬೇಡ.

ಒಂಬತ್ತು ದಿನದ ಮೇಲೆ (ತೀರ್ಥಹಳ್ಳಿಯವರು):
ಮೇಡಂ, ಚಿಪ್ಪು ತೆಗೆದರು, ಮೂಳೆ ಮುರಿದಿಲ್ಲ. ಗಾಯ ಒಣಗಿದೆ. ನನಗೂ ಇಂಜೆಕ್ಷನ್ ಶುರು ಆಯ್ತು. ಎರಡೂ ಕಾಲಿನ ಫೋಟೋ ಹಾಕಿದ್ದೇನೆ.

ಉತ್ತರ:
ಗಾಯ ಚೆನ್ನಾಗಿದೆ. ಆದರೆ ಇನ್ನೊಂದು ಕಾಲಿನ ಉಗುರು ನೋಡಿ, ಕುಡುಗೋಲಿನ ಹಾಗೆ ಸುತ್ತಿ ತುದಿ ಚರ್ಮಕ್ಕೆ ತಾಗುತ್ತಿದೆ. ಉಳಿದ ಉಗುರು ನೆಲಕ್ಕೆ ಉಜ್ಜಿ ಸವೆಯುತ್ತವೆ, ಇದು ಅಷ್ಟಾಗಿ ಸವೆಯುವುದಿಲ್ಲ. ಹೀಗೆ ಕೊಕ್ಕೆಯಾದದ್ದೇ ತಂತಿಗೆ ಸಿಕ್ಕಿದ್ದು. ಮೂರು ನಾಲ್ಕು ವಾರಕ್ಕೊಮ್ಮೆ ಕತ್ತರಿಸಿ. ಕರಿಯನದ್ದು ಕಪ್ಪು ಉಗುರು, ಒಳಗಿನ ಜೀವ ಹೊರಗಿಂದ ಕಾಣಲ್ಲ. ಅಕ್ಕಿಕಾಳಿನ ದಪ್ಪ ಅಷ್ಟಷ್ಟೇ ತೆಗೆಯಿರಿ, ಕತ್ತರಿಸಿದ ಕಡೆ ನಡುವೆ ಕಪ್ಪು ಚುಕ್ಕಿ ಕಂಡರೆ ನಿಲ್ಲಿಸಿ. ಮೊದಲ ಸಲ ಅಲ್ಲಿನ ಡಾಕ್ಟರ ಹತ್ತಿರವೇ ಮಾಡಿಸಿ ನೋಡಿಕೊಳ್ಳಿ. ಗಾಯ ನೆಕ್ಕದ ಹಾಗೆ ಕುತ್ತಿಗೆಗೆ ಹಾಕಿದ ಕೋನ್ ಇನ್ನೂ ನಾಲ್ಕು ದಿನ ಇರಲಿ.

ತೀರ್ಥಹಳ್ಳಿಯವರು:
ಸರಿ ಮೇಡಂ. ಇವತ್ತೂ ಮಂಗ ಬಂದಿತ್ತು. ಜಗಲಿಯಲ್ಲಿ ಕಟ್ಟಿದ್ದೆ, ಕೋನ್ ಒಳಗಿಂದಲೇ ಬೊಗಳಿದ, ಸದ್ದು ಎರಡರಷ್ಟಾಗಿ ಅತ್ತೆ ಬೆಚ್ಚಿಬಿದ್ದರು.