ಅಲ್ಯೂಮಿನಿಯಂ ಐಸೊಪ್ರೊಪಾಕ್ಸೈಡ್‌ನ ಅಣುತೂಕ ಏರುತ್ತಿದೆ: ತೇವ ತಗುಲಿದೆಯೇ?

ಪ್ರಶ್ನೆ:
ನಿರ್ವಾತದಲ್ಲಿ ಬಟ್ಟಿ ಇಳಿಸಿದ ಅಲ್ಯೂಮಿನಿಯಂ ಐಸೊಪ್ರೊಪಾಕ್ಸೈಡ್ ಜೇನಿನಂತೆ ಮಂದವಾದ, ಬಣ್ಣವಿಲ್ಲದ ದ್ರವವಾಗಿಯೇ ಉಳಿಯಿತು. ಅದೇ ದಿನ 1 ಗ್ರಾಂನಷ್ಟನ್ನು 40 ಗ್ರಾಂ ಬೆಂಜೀನಿನಲ್ಲಿ ಕರಗಿಸಿದಾಗ ಘನೀಕರಣ ಬಿಂದು 0.21 ಡಿಗ್ರಿ ಇಳಿಯಿತು; ಲೆಕ್ಕ ಹಾಕಿದರೆ ಅಣುತೂಕ 610. ಆರು ವಾರಗಳ ಬಳಿಕ, ಸೀಸೆಯಲ್ಲಿ ಬಿಳಿ ಹರಳು ಕಟ್ಟಿದ ಮೇಲೆ, ಅಷ್ಟೇ ಪ್ರಮಾಣಕ್ಕೆ 0.16 ಡಿಗ್ರಿ ಇಳಿದು ಅಣುತೂಕ 800 ಎಂದು ಬಂತು. ಸೂತ್ರದಂತೆ ಬರಬೇಕಾದದ್ದು 204. ತೇವ ಹೊಕ್ಕು ಜಲವಿಭಜನೆಯಾಗುತ್ತಿದೆಯೇ?

ಉತ್ತರ:
ತೇವದ ಮೇಲೆ ಅನುಮಾನ ಪಡುವ ಮೊದಲು ನಿಮ್ಮ ಎರಡೂ ಅಂಕಿಗಳನ್ನು 204ರಿಂದ ಭಾಗಿಸಿ ನೋಡಿ: ಒಂದು ಮೂರರ ಹತ್ತಿರ, ಇನ್ನೊಂದು ನಾಲ್ಕರ ಹತ್ತಿರ ಬರುತ್ತದೆ. ಹೊಸದಾಗಿ ಬಟ್ಟಿ ಇಳಿಸಿದ ದ್ರವ ಬಹುಪಾಲು ಟ್ರೈಮರ್, ಅಂದರೆ ಮೂರು ಅಣುಗಳು ಕೂಡಿದ ಗುಚ್ಛ. ಇಟ್ಟಷ್ಟು ಕಾಲ ಅದು ನಿಧಾನವಾಗಿ ನಾಲ್ಕು ಅಣುಗಳ ಟೆಟ್ರಾಮರ್ ಆಗಿ ಹರಳುಗಟ್ಟುತ್ತದೆ. ಮೂರೇ ಆಕ್ಸಿಜನ್‌ಗಳಿಂದ ತೃಪ್ತಿಯಾಗದ ಅಲ್ಯೂಮಿನಿಯಂ ಪಕ್ಕದ ಅಣುವಿನ ಆಲ್ಕಾಕ್ಸೈಡ್ ಆಕ್ಸಿಜನ್‌ನ ಒಂಟಿ ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಳ್ಳುವುದರಿಂದ ಸೇತುವೆಗಳು ಏರ್ಪಡುತ್ತವೆ. ಟೆಟ್ರಾಮರ್‌ನಲ್ಲಿ ನಡುವಿನ ಒಂದು ಅಲ್ಯೂಮಿನಿಯಂ ಆರು ಆಕ್ಸಿಜನ್‌ಗಳನ್ನು ಹಿಡಿದಿದ್ದರೆ, ಸುತ್ತಲಿನ ಮೂರು ಅಲ್ಯೂಮಿನಿಯಂಗಳು ತಲಾ ಎರಡು ಸೇತುವೆಗಳ ಮೂಲಕ ಅದಕ್ಕೆ ಅಂಟಿಕೊಂಡು, ತಲಾ ನಾಲ್ಕು ಆಕ್ಸಿಜನ್‌ಗಳಲ್ಲಿ ತೃಪ್ತವಾಗಿರುತ್ತವೆ. ಆಕ್ಸಿಜನ್ನಿಗೆ ಅಂಟಿದ ಇಂಗಾಲದ ಗುಂಪು ದಪ್ಪವಾದರೆ ಈ ಒಗ್ಗೂಡುವಿಕೆ ಕುಗ್ಗುತ್ತದೆ. ಅಲ್ಯೂಮಿನಿಯಂನ ಟರ್ಷರಿ ಬ್ಯುಟಾಕ್ಸೈಡ್ ಎರಡು ಅಣುಗಳ ಡೈಮರ್‌ನಲ್ಲೇ ನಿಲ್ಲುತ್ತದೆ. ಟೈಟಾನಿಯಂನಲ್ಲಂತೂ ಘನ ಈಥಾಕ್ಸೈಡ್ ಟೆಟ್ರಾಮರ್ ಆಗಿದ್ದರೆ ಟರ್ಷರಿ ಬ್ಯುಟಾಕ್ಸೈಡ್ ಒಂಟಿ ಅಣು.

ನಿಮ್ಮ 800 ಮತ್ತು ಟೆಟ್ರಾಮರ್‌ನ 817ರ ನಡುವಿನ ಅಂತರಕ್ಕೆ ಬೆಲೆ ಕೊಡಬೇಡಿ. ತಾಪಮಾಪಕದಲ್ಲಿ 0.01 ಡಿಗ್ರಿ ತಪ್ಪಿದರೆ ಉತ್ತರ 750ರಿಂದ 850ರವರೆಗೆ ಓಡಾಡುತ್ತದೆ. ಬೆಂಜೀನ್ ಬಿಟ್ಟು, ಒಣಗಿಸಿದ ಸೈಕ್ಲೊಹೆಕ್ಸೇನ್ ಬಳಸಿ. ವಿಷದ ಅಪಾಯವೂ ಕಡಿಮೆ, ಅದರ ಘನೀಕರಣ ಬಿಂದು ಇಳಿಕೆಯ ಸ್ಥಿರಾಂಕ ಸುಮಾರು 20 ಇರುವುದರಿಂದ ಇಳಿಕೆಯೂ ನಾಲ್ಕು ಪಟ್ಟು.

ಆದರೂ ತೇವದ ಪ್ರಶ್ನೆ ಉಳಿದೇ ಇದೆ, ಏಕೆಂದರೆ ಅಣುತೂಕದ ಅಂಕಿಯೊಂದೇ ಅದನ್ನು ಬಗೆಹರಿಸದು. ಹರಳನ್ನು ಮತ್ತೆ ಬಟ್ಟಿ ಇಳಿಸಿ: ಬರೀ ಟೆಟ್ರಾಮರ್ ಆಗಿದ್ದರೆ ಎಲ್ಲವೂ ಮಂದ ದ್ರವವಾಗಿ ಈಚೆ ಬರುತ್ತದೆ, ಜಲವಿಭಜನೆಯಾದ ಭಾಗ ಮಾತ್ರ ತಳದಲ್ಲೇ ಕೂರುತ್ತದೆ.

ಪ್ರಶ್ನಿಸಿದವರು:
ಬಟ್ಟಿ ಇಳಿಸಿದೆ. ಸೈಕ್ಲೊಹೆಕ್ಸೇನಿನಲ್ಲಿ ಅದೇ ಪ್ರಮಾಣಕ್ಕೆ 0.82 ಡಿಗ್ರಿ ಇಳಿದು ಅಣುತೂಕ ಮತ್ತೆ 610ಕ್ಕೆ ಬಂದಿದೆ. ಫ್ಲಾಸ್ಕಿನ ತಳದಲ್ಲಿ ಕರಗದ ಬಿಳಿ ಪೊರೆಯೊಂದು ತೆಳ್ಳಗೆ ಉಳಿದಿದೆ; ಮುಚ್ಚಳವನ್ನಂತೂ ಬದಲಿಸಿದ್ದೇನೆ.